ಪಕ್ಕದ ಮನೆಯ ಹೆಪ್ಪು

ನಾನು ಮಾಡಿದ್ದು ಇಷ್ಟೇ. ಒಂದು ಕಾಮೆಂಟಿನಲ್ಲಿ ‘ರಿಸೀವ್’ ಅನ್ನುವ ಪದದ ಸ್ಪೆಲ್ಲಿಂಗ್ ತಪ್ಪಿತ್ತು. ‘ಇ’ ಕೂರಬೇಕಾದ ಜಾಗದಲ್ಲಿ ‘ಐ’ ಕೂತಿತ್ತು, ‘ಐ’ ಜಾಗದಲ್ಲಿ ‘ಇ’. ಇಬ್ಬರನ್ನೂ ಎಬ್ಬಿಸಿ ಜಾಗ ಬದಲಿಸಿ ಕೂರಿಸಿದೆ. ಕಾಮೆಂಟ್ ಎಂದರೆ ಪ್ರೋಗ್ರಾಮಿನ ನಡುವೆ, ಮುಂದೆಂದೋ ಓದುವ ಮನುಷ್ಯರಿಗೆಂದು ಬರೆದಿಡುವ ಟಿಪ್ಪಣಿ. ಯಂತ್ರಕ್ಕೂ ಅದಕ್ಕೂ ಮಾತುಕತೆಯಿಲ್ಲ. ತಿದ್ದಿದ್ದರಿಂದ ಪ್ರಪಂಚದ ಯಾವ ಕಂಪ್ಯೂಟರಿನ ನಡತೆಯೂ ಕೂದಲೆಳೆಯಷ್ಟು ಬದಲಾಗುವುದಿಲ್ಲ.

ಬಿಲ್ಡ್ ಹಾಕಿ ಕಾಫಿ ತರಲು ಎದ್ದೆ. ತಂದೆ, ಕುಡಿದೆ, ಲೋಟ ತೊಳೆದಿಟ್ಟೆ. ವಾಪಸ್ ಬಂದು ನೋಡಿದರೆ ಪರದೆಯ ಮೇಲೆ ಸಾಲು ಸಾಲಾಗಿ ‘ಸಿಸಿ, ಸಿಸಿ, ಸಿಸಿ’ ಎಂದು ಮೂಡುತ್ತಲೇ ಇತ್ತು, ಮಳೆಗಾಲದ ಜೀರುಂಡೆಯ ಹಾಗೆ. ಒಂದೊಂದು ಸಿಸಿಗೂ ಒಂದೊಂದು ಫೈಲು ಹೊಸದಾಗಿ ಕಂಪೈಲ್ ಆಗುತ್ತಿದೆ, ಅಂದರೆ ಯಂತ್ರದ ಭಾಷೆಗೆ ತರ್ಜುಮೆಯಾಗುತ್ತಿದೆ, ಎಂದರ್ಥ. ಅಷ್ಟರಲ್ಲಿ ಅರಸೀಕೆರೆಯಿಂದ ಅಮ್ಮನ ಫೋನ್ ಬಂತು.

“ಏನ್ ಮಾಡ್ತಿದ್ದೀಯಾ?”

“ಬಿಲ್ಡ್ ಹಾಕಿದ್ದೀನಮ್ಮ. ಮುಗೀಲಿ ಅಂತ ಕಾಯ್ತಾ ಕೂತಿದ್ದೀನಿ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಬಿಲ್ಡಿಂಗಾ? ಸೈಟ್ ಯಾವಾಗ ತಗೊಂಡೆ? ನಮಗೊಂದು ಮಾತು ಹೇಳಬಾರದಿತ್ತಾ?”

ಸೈಟಿಲ್ಲ, ಬಿಲ್ಡಿಂಗಿಲ್ಲ, ಲೀನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ಎಂಬ ತಿರುಳಿನಲ್ಲಿ ಒಂದಕ್ಷರ ತಿದ್ದಿದ್ದೇನೆ, ಆ ಫೈಲನ್ನು ನಂಬಿಕೊಂಡ ಸಾವಿರಾರು ಫೈಲುಗಳು ಈಗ ಮತ್ತೆ ಮೊದಲಿನಿಂದ ಕಂಪೈಲ್ ಆಗಬೇಕು ಎಂದು ವಿವರಿಸಿದೆ. ಅಮ್ಮ ಕೇಳಿಸಿಕೊಂಡು ಹೇಳಿದಳು: “ಅಂದ್ರೆ ಸೂತಕ ಇದ್ದ ಹಾಗೆ ಅನ್ನು. ದಾಯಾದಿಗಳು ಎಲ್ಲೇ ಇರ್ಲಿ, ಮುಖ ನೋಡಿರ್ಲಿ ಬಿಡ್ಲಿ, ಸುದ್ದಿ ಮುಟ್ಟಿದ ಮೇಲೆ ತಲೆ ಮೇಲೆ ನೀರು ಹಾಕ್ಕೊಳ್ಳಲೇಬೇಕು.”

ಹೆಡರ್ ಡಿಪೆಂಡೆನ್ಸಿಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೇಳಿಲ್ಲ. ಒಂದೇ ವ್ಯತ್ಯಾಸ. ಸೂತಕಕ್ಕೆ ಯಾರಾದರೂ ಸಾಯಬೇಕು. ಇಲ್ಲಿ ಯಾರಿಗೋ ನೆಗಡಿಯಾದರೂ ಸಾಕು, ವಂಶವೆಲ್ಲ ತಲೆಗೆ ನೀರು ಹಾಕಿಕೊಳ್ಳುತ್ತದೆ. ಇದಕ್ಕೆ ಕಾರಣ 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ‘ಮೇಕ್’ ಎಂಬ ಪ್ರೋಗ್ರಾಮು. ಕರ್ನಲ್ಲಿನ ಬಿಲ್ಡ್ ಇವತ್ತಿಗೂ ಅದರ ಹೆಗಲ ಮೇಲೇ ಕೂತಿದೆ. ಏನು ಬದಲಾಯಿತು ಎಂದು ಮೇಕ್ ಕೇಳುವುದಿಲ್ಲ. ಯಾವಾಗ ಬದಲಾಯಿತು ಎಂದಷ್ಟೇ ಗಡಿಯಾರ ನೋಡುತ್ತದೆ. ಹಿಂದಿನ ಸಲ ಕಂಪೈಲ್ ಮಾಡಿದ ಹೊತ್ತಿಗಿಂತ ಈ ಹೆಡರಿನ ಹೊತ್ತು ಈಚಿನದೋ? ಹಾಗಾದರೆ ಏಳಿ, ಎಲ್ಲರೂ ಬಾವಿಕಟ್ಟೆಗೆ ನಡೆಯಿರಿ.

ಹೆಡರ್ ಎಂದರೆ ಏನೆಂದು ಎರಡು ಮಾತು. ಸಿ ಭಾಷೆಯ ಕಂಪೈಲರ್ ಮೇಲಿನಿಂದ ಕೆಳಕ್ಕೆ ಒಂದೇ ಓಟದಲ್ಲಿ ಓದುವ ಪ್ರಾಣಿ. ಮೇಲೆ ಪರಿಚಯ ಮಾಡಿಕೊಡದ ಹೆಸರು ಕೆಳಗೆ ಕಂಡರೆ ‘ಇವರು ಯಾರೋ ಗೊತ್ತಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಹಾಗಾಗಿ ಹತ್ತು ಜನಕ್ಕೆ ಬೇಕಾದ ಪರಿಚಯಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಬೇಕಾದವರು ತಮ್ಮ ಫೈಲಿನ ನೆತ್ತಿಯಲ್ಲಿ ‘ಇನ್‌ಕ್ಲೂಡ್ ಇಂಥದ್ದು’ ಎಂದು ಒಂದು ಸಾಲು ಬರೆಯುತ್ತಾರೆ. ಆ ಸಾಲಿದ್ದ ಜಾಗಕ್ಕೆ ಇಡೀ ಫೈಲಿನ ನಕಲು ಬಂದು ಕೂರುತ್ತದೆ. ಅದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ, ಬರೀ ಜೆರಾಕ್ಸ್. ಡೆನಿಸ್ ರಿಚಿ ಸಿ ಭಾಷೆಗೆ ಈ ಸೌಕರ್ಯವನ್ನು ಸೇರಿಸಿದ್ದು 1972–73ರ ಸುಮಾರಿಗೆ. ಅಲನ್ ಸ್ನೈಡರ್ ಒತ್ತಾಯ ಮಾಡಿದ್ದರಿಂದ, ಮತ್ತು ಬಿಸಿಪಿಎಲ್, ಪಿಎಲ್/1 ಭಾಷೆಗಳಲ್ಲಿ ಇಂಥದ್ದು ಇದ್ದದ್ದನ್ನು ಕಂಡು. ಹೆಡರನ್ನು ಕನ್ನಡದಲ್ಲಿ ತಲೆಬರಹ ಎನ್ನಬಹುದು. ನಮ್ಮಲ್ಲಿ ಆ ಪದಕ್ಕೆ ಎರಡು ಅರ್ಥ. ಹದಿನೈದು ವರ್ಷ ನೆಟ್‌ವರ್ಕ್ ಡ್ರೈವರ್ ಬರೆದ ಅನುಭವದ ಮೇಲೆ ಹೇಳುವುದಾದರೆ ಎರಡೂ ಸರಿ.

ತೊಡಕು ಶುರುವಾಗುವುದು ಹೆಡರಿನೊಳಗೆ ಇನ್ನೊಂದು ಹೆಡರು, ಅದರೊಳಗೆ ಮತ್ತೊಂದು ಸೇರಿಕೊಂಡಾಗ. ಮದುವೆ ಕರೆಯೋಲೆಯ ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಒಂದು ಪಟ್ಟಿ ಇರುತ್ತದಲ್ಲ, ಫೈಲಿನ ನೆತ್ತಿಯ ಇನ್‌ಕ್ಲೂಡ್ ಪಟ್ಟಿಯೂ ಅದರ ಅಣ್ಣತಮ್ಮನೇ. ಹುಡುಗಿಯ ಸೋದರಮಾವ ಸರಿ, ಚಿಕ್ಕಪ್ಪ ಸರಿ. ಆರನೆಯ ಸಾಲಿನಲ್ಲಿರುವ ‘ಮತ್ತು ಕುಟುಂಬದವರು’ ಯಾವ ಕಡೆಯವರು? ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಿಂದಿನ ಮದುವೆಯ ಕಾರ್ಡಿನಲ್ಲಿ ಇತ್ತು, ಅದಕ್ಕೇ ಇದರಲ್ಲೂ ಇದೆ. ತೆಗೆದರೆ ಏನಾಗುತ್ತದೋ ಎಂಬ ಭಯಕ್ಕೆ ಯಾರೂ ತೆಗೆಯುವುದಿಲ್ಲ. ಪ್ರತಿ ಮದುವೆಗೂ ಒಂದೆರಡು ಹೆಸರು ಹೊಸದಾಗಿ ಸೇರುತ್ತವೆ. ಕರ್ನಲ್ಲಿನಲ್ಲೂ ಇದೇ ನಡೆಯುತ್ತದೆ. ಸೇರಿಸಲು ಒಂದು ಸಾಲು ಟೈಪ್ ಮಾಡಿದರೆ ಆಯಿತು. ತೆಗೆಯಲು ಧೈರ್ಯ ಬೇಕು, ಪುರಾವೆ ಬೇಕು, ಬೈಸಿಕೊಳ್ಳುವ ಶಕ್ತಿ ಬೇಕು.

ಒಬ್ಬರೇ ನೆಂಟರು ಹತ್ತು ದಾರಿಯಲ್ಲಿ ಬರುವುದೂ ಉಂಟು. ಅದಕ್ಕೆ ಪ್ರತಿ ಹೆಡರಿನ ಬಾಗಿಲಲ್ಲೂ ಒಂದು ಕಾವಲು ಸಾಲು: ಇವರು ಈಗಾಗಲೇ ಬಂದಿದ್ದರೆ ಮತ್ತೆ ಬಿಟ್ಟುಕೊಳ್ಳಬೇಡ. ಕಾವಲೇನೋ ಸರಿ, ಆದರೆ ಬಾಗಿಲವರೆಗೆ ಬಂದವರ ಮುಖ ನೋಡಿ ವಾಪಸ್ ಕಳಿಸುವುದಕ್ಕೂ ಹೊತ್ತು ಹಿಡಿಯುತ್ತದೆ. ಬೆಲ್ ಲ್ಯಾಬ್ಸ್‌ನವರೇ ಆಗಿದ್ದ ರಾಬ್ ಪೈಕ್ ಒಂದು ಲೆಕ್ಕ ಕೊಟ್ಟಿದ್ದಾರೆ. 1984ರಲ್ಲಿ ಯೂನಿಕ್ಸಿನ ‘ಪಿಎಸ್’ ಎಂಬ ಪುಟ್ಟ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ ಒಂದೇ ಹೆಡರು 37 ಸಲ ಒಳಗೆ ಬಂದಿತ್ತಂತೆ. 36 ಸಲ ಬಂದದ್ದನ್ನು ಹಾಗೇ ಎಸೆಯಲಾಗಿತ್ತು. ಮದುವೆಮನೆಯಲ್ಲಿ ಒಬ್ಬರೇ ಭಾವನವರು 37 ಸಲ ಎದುರಾಗಿ, 36 ಸಲವೂ ನಾವು ನಿಂತು ‘ಆಗಲೇ ಮಾತಾಡಿದೆವಲ್ಲ’ ಎಂದ ಹಾಗೆ. ಇದೇ ಪೈಕ್ 1989ರಲ್ಲಿ ಒಂದು ಕಟ್ಟುನಿಟ್ಟಿನ ಸೂತ್ರ ಬರೆದರು: ಹೆಡರುಗಳು ಹೆಡರುಗಳನ್ನು ಒಳಗೆ ತರಲೇಕೂಡದು. ಯಾವುದಕ್ಕೆ ಮೊದಲು ಯಾವುದು ಬೇಕೆಂದು ಕಾಮೆಂಟಿನಲ್ಲಿ ಬರೆದರೆ ಸಾಕು, ಬೇಕಾದವರು ತಾವೇ ಸಾಲಾಗಿ ತಂದುಕೊಳ್ಳಲಿ. ಬಿಎಸ್‌ಡಿ ಎಂಬ ಬರ್ಕ್ಲಿ ಯೂನಿಕ್ಸಿನ ಹಳೆಯ ಪದ್ಧತಿಯೂ ಹೆಚ್ಚುಕಡಿಮೆ ಹೀಗೇ. ಪಂಕ್ತಿಗೆ ಬರುವವರು ತಮ್ಮ ಎಲೆ ತಾವೇ ತರಬೇಕು, ಅದೂ ಹೇಳಿದ ಕ್ರಮದಲ್ಲಿ.

ಆ ಕ್ರಮ ನಮ್ಮ ಪೀಳಿಗೆಗೆ ಬಾಯಿಪಾಠವಾಗಿತ್ತು. ಇಂಜಿನಿಯರಿಂಗ್ ಓದುವಾಗ ನೆಟ್‌ವರ್ಕ್ಸ್ ಲ್ಯಾಬಿನಲ್ಲಿ ಸಾಕೆಟ್ ಪ್ರೋಗ್ರಾಮ್ ಬರೆಯಬೇಕಿತ್ತು. ಸಿಸ್ ಟೈಪ್ಸ್, ಸಿಸ್ ಸಾಕೆಟ್, ನೆಟ್‌ಇನೆಟ್ ಇನ್, ಅರ್ಪಾ ಇನೆಟ್, ಯೂನಿಸ್ಟ್ಯಾಂಡರ್ಡ್: ಈ ಐದು ಹೆಡರುಗಳನ್ನು ಹದಿಮೂರರ ಮಗ್ಗಿಯ ಹಾಗೆ ಒಂದೇ ಉಸಿರಿಗೆ ಬರೆಯುತ್ತಿದ್ದೆವು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನನ್ನನ್ನು ಕೇಳಿದರು, “ಮೊದಲನೇದು ಯಾಕಮ್ಮ ಬೇಕು?” ನಾನು ಯೋಚಿಸಿ, “ಮೊದಲನೇದು ಬರೆದಮೇಲೇ ಸಾರ್, ಎರಡನೇದು ಬರೆಯೋದು” ಅಂದೆ. ಅವರು ನಕ್ಕು ಮುಂದಕ್ಕೆ ಹೋದರು. ಎಷ್ಟೋ ವರ್ಷದ ಮೇಲೆ ಒಂದು ದಿನ ಲೀನಕ್ಸಿನ ಕೈಪಿಡಿಯಲ್ಲಿ ಕಣ್ಣಿಗೆ ಬಿತ್ತು: ಲೀನಕ್ಸಿನಲ್ಲಿ ಆ ಮೊದಲನೆಯದು ಬೇಕಾಗಿಯೇ ಇಲ್ಲ. ಹಿಂದಿನ ಕೆಲವು ಬಿಎಸ್‌ಡಿಗಳಲ್ಲಿ ಬೇಕಿತ್ತು, ಅದಕ್ಕೇ ಹಾಕಿಕೊಂಡರೆ ಒಳ್ಳೆಯದು, ಅಷ್ಟೇ. ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು ಶ್ರಾದ್ಧ ಮಾಡುವ ಮನೆಯ ಕತೆ ನೆನಪಾಯಿತು.

ನಾನು ತಿದ್ದಿದ ಫೈಲಿನ ಹೆಸರು ಎಸ್‌ಕೆಬಫ್ ಡಾಟ್ ಎಚ್. ಲೀನಕ್ಸಿನ ನೆಟ್‌ವರ್ಕ್ ವಿಭಾಗದಲ್ಲಿ ಇದಿಲ್ಲದೆ ಹುಲ್ಲುಕಡ್ಡಿ ಅಲ್ಲಾಡದು. ತಂತಿಯಿಂದಲೋ ಗಾಳಿಯಿಂದಲೋ ಬಂದ ಪ್ರತಿ ಪ್ಯಾಕೆಟ್ಟಿಗೂ ಕರ್ನಲ್ಲು ಎಸ್‌ಕೆ-ಬಫ್ ಎಂಬ ಒಂದು ಕಡತ ತೆರೆಯುತ್ತದೆ. ತಾಲ್ಲೂಕು ಕಚೇರಿಯ ಕಡತದ ಹಾಗೆಯೇ ಇದು. ಈ ಪ್ಯಾಕೆಟ್ ಯಾವ ಕಾರ್ಡಿನಿಂದ ಬಂತು, ಯಾವ ಸಾಕೆಟ್ಟಿಗೆ ಸೇರಬೇಕು, ಎಲ್ಲಿಯವರೆಗೆ ಓದಿಯಾಗಿದೆ ಎಂಬ ಟಿಪ್ಪಣಿಗಳನ್ನು ಹೊತ್ತು ಮೇಜಿನಿಂದ ಮೇಜಿಗೆ ಹೋಗುತ್ತದೆ. ಇಂಥ ಕಡತದಲ್ಲಿ 48 ಬೈಟುಗಳಷ್ಟು ಖಾಲಿ ಜಾಗವೂ ಉಂಟು. ಆಯಾ ಮೇಜಿನವರು ಅಲ್ಲಿ ತಮಗೆ ಬೇಕಾದ್ದನ್ನು ಗೀಚಿಕೊಳ್ಳಬಹುದು. ಮುಂದಿನ ಮೇಜಿನವರು ಅದರ ಮೇಲೆಯೇ ಗೀಚುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ. ಟಿಸಿಪಿಗೂ ಈ ಕಡತ ಬೇಕು, ಬ್ಲೂಟೂತಿಗೂ ಬೇಕು, ವೈಫೈಗೂ ಬೇಕು, ಫೈರ್‌ವಾಲಿಗೂ ಬೇಕು. ಎಲ್ಲರಿಗೂ ಬೇಕಾದದ್ದರೊಳಗೆ ಎಲ್ಲರೂ ತಮ್ಮದೊಂದನ್ನು ಇಡುತ್ತಾರೆ. 2023ರವರೆಗೆ ಈ ಎಸ್‌ಕೆಬಫ್ ಒಳಗೆ ಪೇಜ್-ಪೂಲ್ ಎಂಬ ಸೌಕರ್ಯದ ಹೆಡರು ಕೂತಿತ್ತು. ಅದನ್ನು ನಿಜವಾಗಿ ಬಳಸುವುದು ಕೆಲವೇ ಡ್ರೈವರುಗಳು. ಎಸ್‌ಕೆಬಫ್‌ಗೆ ಅದರಿಂದ ಬೇಕಾಗಿದ್ದದ್ದು ಕಡೆಗೆ ಒಂದೇ ಒಂದು ಫಂಕ್ಷನ್ನು. ಅಷ್ಟಕ್ಕಾಗಿ ಪೇಜ್-ಪೂಲಿನ ಹೆಡರು ಮುಟ್ಟಿದರೆ ಅರ್ಧಕ್ಕಿಂತ ಹೆಚ್ಚು ಕರ್ನಲ್ಲು ಮತ್ತೆ ಕಂಪೈಲಾಗುತ್ತಿತ್ತು. ಒಗ್ಗರಣೆಗೆ ಒಂದು ಎಸಳು ಕರಿಬೇವು ಬೇಕೆಂದು ಗಿಡವನ್ನೇ ಕಿತ್ತು ತಂದು ಅಡಿಗೆಮನೆಯಲ್ಲಿ ನೆಟ್ಟ ಹಾಗೆ.

ಹೆಚ್ಚಾಗಿ ತರುವುದರಿಂದ ಹೊತ್ತು ಹಾಳು, ಒಪ್ಪೋಣ. ಇದಕ್ಕಿಂತ ಸೂಕ್ಷ್ಮವಾದ ರೋಗ ಇನ್ನೊಂದಿದೆ. ಅದನ್ನು ಹೇಳಲು ನಾನು ಅರಸೀಕೆರೆಯ ನಮ್ಮ ಬೀದಿಗೆ ಹೋಗಬೇಕು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಮಾತು. ಬೀದಿಯಲ್ಲಿ ಒಂದಕ್ಕೊಂದು ಒರಗಿಕೊಂಡ ಏಳೆಂಟು ಮನೆ. ನಮ್ಮ ಮನೆಯಲ್ಲಿ ಮೊಸರನ್ನು ನಾಳೆಗೆಂದು ಉಳಿಸುವ ಪದ್ಧತಿ ಇರಲಿಲ್ಲ. ರಾತ್ರಿಯ ಊಟದಲ್ಲಿ ಅಪ್ಪ ಪಾತ್ರೆಯ ತಳ ಬಳಿಯುವ ಸದ್ದು ಬಂದರೇನೇ ಊಟ ಮುಗಿಯಿತೆಂದು ಲೆಕ್ಕ. ಹಾಗಾಗಿ ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ, ಏಕೆಂದರೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ನಾನು ಒಂದು ಪುಟ್ಟ ಸ್ಟೀಲ್ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದೆ. ಅತ್ತೆ ಅಂತ ನಾನು ಕರೆಯುತ್ತಿದ್ದ ಆ ಮನೆಯಾಕೆ ಒಂದು ಚಮಚ ಮೊಸರು ಹಾಕಿಕೊಡುತ್ತಿದ್ದರು. ನಿತ್ಯದ ಕೆಲಸ; ಇದರಲ್ಲಿ ಯೋಚಿಸುವುದೇನೂ ಇರಲಿಲ್ಲ.

ಒಂದು ಸಲ ಕೊನೆಮನೆಯ ಟೀಚರಮ್ಮ ಮಗಳ ಬಾಣಂತನಕ್ಕೆಂದು ಮೂರು ತಿಂಗಳಿಗೆ ದಾವಣಗೆರೆಗೆ ಹೋದರು. ಬೀದಿಯವರೆಲ್ಲ ಬಸ್ ಹತ್ತಿಸಿ ಬಂದರು. ಮಾರನೆಯ ಸಂಜೆ ನಾನು ಬಟ್ಟಲು ಹಿಡಿದು ಹೋದರೆ ಅತ್ತೆ, “ಅಯ್ಯೋ, ನಮ್ಮನೇಲೂ ಇಲ್ವಲ್ಲೇ, ನಾವೇ ಪೋಸ್ಟಾಫೀಸಿನವರ ಮನೆಯಿಂದ ತರ್ತಿದ್ವಿ” ಎಂದರು. ಪೋಸ್ಟಾಫೀಸಿನವರ ಮನೆಯವರು, “ನಾವು ಎದುರು ಮನೇದು” ಎಂದರು. ಎದುರು ಮನೆಯವರು ಕೊನೆಮನೆಯ ಬೀಗದ ಕಡೆ ನೋಡಿದರು. ಇಡೀ ಬೀದಿಯ ಮೊಸರು ಟೀಚರಮ್ಮನ ಅಡಿಗೆಮನೆಯ ಮೂಲೆಯ ಒಂದು ಕಲ್ಲುಮರಿಗೆಯಿಂದ ಬರುತ್ತಿತ್ತು ಎಂದು ಬೀದಿಗೆ ಗೊತ್ತಾದದ್ದು ಅವತ್ತು. ಅದು ಟೀಚರಮ್ಮನಿಗೂ ಗೊತ್ತಿರಲಿಲ್ಲ. ಅವರು ಕೊಡುತ್ತಿದ್ದದ್ದು ಎದುರು ಮನೆಗೆ ಮಾತ್ರ. ಮರುದಿನ ಬೆಳಿಗ್ಗೆ ಏಳು ಮನೆಯಲ್ಲಿ ಹಾಲು ಹಾಲಾಗಿಯೇ ಇತ್ತು.

ಇದೇ ಘಟನೆ 2011ರಲ್ಲಿ ಲೀನಕ್ಸಿನಲ್ಲಿ ನಡೆಯಿತು. ಪಟ್ಟಿಗಳನ್ನು ಒಂದೊಂದಾಗಿ ನೋಡಿಕೊಂಡು ಹೋಗುವ ಕೋಡಿನಲ್ಲಿ ‘ಪ್ರಿಫೆಚ್’ ಎಂಬ ಒಂದು ಚಾಲಾಕಿತನವಿತ್ತು. ಈಗಿನದನ್ನು ನೋಡುತ್ತಿರುವಾಗಲೇ ಮುಂದಿನದನ್ನು ಮೆಮೊರಿಯಿಂದ ತರಿಸಿಟ್ಟುಕೊಳ್ಳುವುದು. ಈಗಿನ ಪ್ರೊಸೆಸರುಗಳಲ್ಲಿ ಇದನ್ನು ಎಲ್ಲೆಂದರಲ್ಲಿ ಮಾಡಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ಕಂಡುಬಂತು. ತೆಗೆದರು. ಅದರೊಂದಿಗೆ ಪಟ್ಟಿಯ ಹೆಡರಿನಿಂದ ಪ್ರಿಫೆಚ್ ಹೆಡರಿನ ಹೆಸರೂ ಹೋಯಿತು. ಕೊನೆಮನೆಗೆ ಬೀಗ ಬಿತ್ತು. ಕೂಡಲೇ ನೆಟ್‌ವರ್ಕ್ ಡ್ರೈವರುಗಳು ಒಂದರ ಹಿಂದೊಂದು ಬಟ್ಟಲು ಹಿಡಿದು ಬೀದಿಗೆ ಬಂದವು. ಅವು ಪ್ರಿಫೆಚ್ ಅನ್ನು ಸ್ವಂತಕ್ಕೆ ಬಳಸುತ್ತಿದ್ದವು, ಆದರೆ ನೆತ್ತಿಯಲ್ಲಿ ಎಲ್ಲೂ ಅದರ ಹೆಸರು ಬರೆದಿರಲಿಲ್ಲ. ಪಟ್ಟಿಯ ಹೆಡರಿನ ಬೆನ್ನ ಮೇಲೆ ಅದು ಪುಕ್ಕಟೆ ಬರುತ್ತಿತ್ತು. ಕಡೆಗೆ ಒಬ್ಬರು ಕೂತು ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ಬೇಕಾದ ಡ್ರೈವರುಗಳಿಗೆಲ್ಲ ಆ ಒಂದು ಸಾಲನ್ನು ಸೇರಿಸಿದರು. ತಮ್ಮ ಸ್ಕ್ರಿಪ್ಟನ್ನು ಅವರು ‘ಎರಡು ಸೆಂಟಿನದು’ ಎಂದು ಕರೆದುಕೊಂಡಿದ್ದಾರೆ. ನಮ್ಮ ಲೆಕ್ಕದಲ್ಲಿ ಎರಡು ಕಾಸಿನದು.

ಹಾಗಾದರೆ ಮದ್ದೇನು? ಸಿ ಭಾಷೆಯಲ್ಲೇ ಒಂದು ಇದೆ, ಚಿಕ್ಕದು, ಮರ್ಯಾದೆಯುಳ್ಳದ್ದು. ಯಾರದೋ ವಿಳಾಸವನ್ನು ಲಕೋಟೆಯ ಮೇಲೆ ಬರೆಯಲು ಅವರ ಮನೆಯಲ್ಲಿ ಎಷ್ಟು ಕೋಣೆಯಿದೆ, ಬಚ್ಚಲು ಯಾವ ಕಡೆಗಿದೆ ಎಂದು ನಮಗೆ ತಿಳಿಯಬೇಕಿಲ್ಲ. ಹೆಸರು ಗೊತ್ತಿದ್ದರೆ ಸಾಕು. ಪಾಯಿಂಟರ್ ಎಂದರೂ ವಿಳಾಸವೇ. ಈಗಿನ 64 ಬಿಟ್ ಯಂತ್ರಗಳಲ್ಲಿ ಗುಡಿಸಲಿನ ವಿಳಾಸಕ್ಕೂ ಅರಮನೆಯ ವಿಳಾಸಕ್ಕೂ ಹಿಡಿಯುವುದು 8 ಬೈಟು. ಹಾಗಾಗಿ ವಿಳಾಸ ಮಾತ್ರ ಇಟ್ಟುಕೊಳ್ಳುವ ಕಡೆ ಹೆಡರನ್ನೇ ಹೊತ್ತು ತರುವ ಬದಲು ‘ಇಂಥ ಹೆಸರಿನದೊಂದು ಇದೆ’ ಎಂದು ಒಂದು ಸಾಲು ಬರೆದರೆ ಕಂಪೈಲರ್ ತಲೆಯಾಡಿಸುತ್ತದೆ. ಇದಕ್ಕೆ ಫಾರ್ವರ್ಡ್ ಡಿಕ್ಲರೇಶನ್ ಎನ್ನುತ್ತಾರೆ. ಆದರೆ ಆ ಮನೆಯೊಳಗೆ ಕಾಲಿಡುವ ಹಾಗಿದ್ದರೆ, ಅಥವಾ ಆ ಮನೆಯನ್ನೇ ತಂದು ನಮ್ಮ ಹಿತ್ತಲಲ್ಲಿ ಇರಿಸಿಕೊಳ್ಳುವ ಹಾಗಿದ್ದರೆ, ಆಗ ಪೂರ್ತಿ ನಕ್ಷೆ ಬೇಕು.

ನೆಟ್‌ವರ್ಕ್ ವಿಭಾಗದ ಮೇಂಟೇನರ್ ಯಾಕುಬ್ ಕಿಚಿನ್ಸ್ಕಿ 2021ರ ಡಿಸೆಂಬರಿನಲ್ಲಿ ಈ ಮದ್ದನ್ನು ಸಾಕೆಟ್ಟುಗಳ ಹೆಡರಿಗೆ ಕುಡಿಸಿದರು. ಆ ಹೆಡರಿನ ಹೆಸರು ‘ಸಾಕ್’. ಹೆಸರೇನೋ ಸಾಕ್, ಆದರೆ ಸಾಕು ಎನ್ನುವ ಬುದ್ಧಿ ಅದಕ್ಕೆ ಇರಲಿಲ್ಲ. ಅದು ‘ಫಿಲ್ಟರ್’ ಹೆಡರನ್ನು ಎಳೆದುಕೊಂಡಿತ್ತು, ಫಿಲ್ಟರ್ ‘ಬಿಪಿಎಫ್’ ಹೆಡರನ್ನು ಎಳೆದುಕೊಂಡಿತ್ತು. ಬಿಪಿಎಫ್ ದಿನಬೆಳಗಾದರೆ ಬದಲಾಗುವ ಜಾಗ. ಅದರಲ್ಲಿ ಯಾರೋ ಒಂದು ಸಾಲು ಮುಟ್ಟಿದರೆ ಸುಮಾರು 5 ಸಾವಿರ ಫೈಲುಗಳಿಗೆ ಸೂತಕ. ಸಾಕ್‌ಗೆ ನಿಜವಾಗಿ ಬೇಕಿದ್ದದ್ದು ಒಂದು ಫಿಲ್ಟರಿನ ವಿಳಾಸ. ಕಿಚಿನ್ಸ್ಕಿ ಇನ್‌ಕ್ಲೂಡ್ ಸಾಲು ಕಿತ್ತು ಹೆಸರಿನ ಸಾಲು ಬರೆದರು. ಹೆಸರು ಸಾಕು. 5 ಸಾವಿರ ಇದ್ದದ್ದು ಸುಮಾರು 1 ಸಾವಿರಕ್ಕೆ ಇಳಿಯಿತು. ಬದಲಾವಣೆಯ ಜೊತೆಗಿನ ಟಿಪ್ಪಣಿಯಲ್ಲಿ ಅವರು ಇನ್ನೊಂದು ಮಾತು ಬರೆದಿದ್ದಾರೆ: ಈ ಒಂದು ಸಾಲಿನ ಮರೆಯಲ್ಲಿ, ಇರಬೇಕಾಗಿದ್ದೂ ಇಲ್ಲದ ಎಷ್ಟೋ ಇನ್‌ಕ್ಲೂಡುಗಳು ಅಡಗಿದ್ದವು, ಮುಖ್ಯವಾಗಿ ನೆಟ್‌ವರ್ಕಿನಲ್ಲೇ. ಓದಿದ ಕೂಡಲೇ ನನ್ನ ಮೂಗಿಗೆ ಟೀಚರಮ್ಮನ ಕಲ್ಲುಮರಿಗೆಯ ವಾಸನೆ ಬಂತು.

ಕಿಚಿನ್ಸ್ಕಿಯವರದೇ ಇನ್ನೊಂದು ಕೆಲಸ 2023ರ ಆಗಸ್ಟಿನದು. ಅದು ನನಗೆ ಇನ್ನೂ ಇಷ್ಟ. ಎಕ್ಸ್‌ಡಿಪಿ ಎಂಬುದು ಪ್ಯಾಕೆಟ್ಟು ಕಾರ್ಡಿನ ಬಾಗಿಲಿಗೆ ಬಂದ ಕ್ಷಣದಲ್ಲೇ, ಅದಕ್ಕೆ ಎಸ್‌ಕೆ-ಬಫ್ ಕಡತ ತೆರೆಯುವ ಮುಂಚೆಯೇ, ಬೇಕೋ ಬೇಡವೋ ತೀರ್ಮಾನಿಸುವ ಏರ್ಪಾಡು. ಕೆಲವರಿಗೆ ಮಾತ್ರ ಬೇಕಾದದ್ದು; ಅದರ ಹೆಡರನ್ನು ನೆತ್ತಿಯಲ್ಲಿ ಬರೆದುಕೊಂಡ ಫೈಲುಗಳು 67. ನೆಟ್‌ಡಿವೈಸ್ ಎಂಬ ಹೆಡರು ಎಲ್ಲರಿಗೂ ಬೇಕಾದದ್ದು; ಅದನ್ನು 1,538 ಕಡೆ ಬರೆದುಕೊಂಡಿದ್ದರು. ನ್ಯಾಯವಾಗಿ ಚಿಕ್ಕದು ದೊಡ್ಡದನ್ನು ಆಶ್ರಯಿಸಬೇಕು. ಇಲ್ಲಿ ನೆಟ್‌ಡಿವೈಸೇ ಎಕ್ಸ್‌ಡಿಪಿಯನ್ನು ಕಂಕುಳಲ್ಲಿ ಇಟ್ಟುಕೊಂಡಿತ್ತು. ಎಕ್ಸ್‌ಡಿಪಿ ಸೀನಿದರೆ 5,947 ಫೈಲುಗಳು ಎದ್ದು ಕೂರುತ್ತಿದ್ದವು. ಕಿಚಿನ್ಸ್ಕಿ ಸಂಬಂಧವನ್ನು ತಿರುಗಿಸಿದರು: ಎಕ್ಸ್‌ಡಿಪಿಯೇ ನೆಟ್‌ಡಿವೈಸ್ ಮನೆಗೆ ಹೋಗಿಬರಲಿ. 5,947 ಇದ್ದದ್ದು 662 ಆಯಿತು.

ಆದರೆ ಪಾಲು ಮಾಡಿಕೊಂಡ ಮನೆಯಲ್ಲಿ ಎಲ್ಲವೂ ಸರಿಯಾಗಿ ಹರಿದುಬರುವುದಿಲ್ಲ. ಎಕ್ಸ್‌ಡಿಪಿಯ ಯಾವ ಯಾವ ಸೌಕರ್ಯ ಒಂದು ಕಾರ್ಡಿಗೆ ಬರುತ್ತದೆಂದು ಗುರುತು ಹಾಕುವ ಒಂದು ಬಗೆಯಿದೆ. ನ್ಯಾಯವಾಗಿ ಅದು ಎಕ್ಸ್‌ಡಿಪಿಯ ಆಸ್ತಿ. ಆದರೆ ನೆಟ್‌ಡಿವೈಸ್ ಅದರ ವಿಳಾಸವನ್ನಲ್ಲ, ಅದನ್ನೇ ತನ್ನ ಮೈಯೊಳಗೆ ಹೂತುಕೊಂಡಿದೆ. ಹಾಗಾಗಿ ಅದರ ವ್ಯಾಖ್ಯೆಯನ್ನು ನೆಟ್‌ಡಿವೈಸ್ ಹೆಡರಿಗೇ ಸಾಗಿಸಬೇಕಾಯಿತು. ಇದೊಂದೇ ಬೇಸರದ ಸಂಗತಿ ಎಂದು ಕಿಚಿನ್ಸ್ಕಿ ಬರೆದಿದ್ದಾರೆ. ನಮ್ಮ ತಾತನ ಮನೆ ಪಾಲಾದಾಗ ಒರಳುಕಲ್ಲು ಚಿಕ್ಕತಾತನ ಪಾಲಿಗೆ ಬಂತು, ಆದರೆ ಅದು ದೊಡ್ಡತಾತನ ಅಡಿಗೆಮನೆಯ ನೆಲದಲ್ಲಿ ಹೂತಿತ್ತು. ಕೀಳಲಾಗಲಿಲ್ಲ. ಚಿಕ್ಕಜ್ಜಿ ಕಡೆಯವರೆಗೂ ರುಬ್ಬಲು ಅಲ್ಲಿಗೇ ಹೋಗುತ್ತಿದ್ದರು.

ಹೀಗೆ ಒಂದೊಂದೇ ಗಂಟು ಬಿಚ್ಚುವವರ ನಡುವೆ ಒಬ್ಬರು ಇಡೀ ಅಟ್ಟವನ್ನೇ ಇಳಿಸಿದರು. ಕರ್ನಲ್ಲಿನ ಹಳೆಯ ಕೈಗಳಲ್ಲಿ ಒಬ್ಬರಾದ ಇಂಗೊ ಮೋಲ್ನಾರ್, ಸುಮಾರು 10 ಸಾವಿರ ಹೆಡರುಗಳ ಈ ಜಡೆಯನ್ನು ಬಿಡಿಸಲು ಒಂದು ವರ್ಷಕ್ಕೂ ಹೆಚ್ಚು ಕಾಲ ಕೂತು, 2022ರ ಜನವರಿ 2ರಂದು 2,297 ಪ್ಯಾಚುಗಳ, ಅಂದರೆ ತಿದ್ದುಪಡಿಗಳ, ಗಂಟನ್ನು ಎಲ್ಲರ ಮುಂದಿಟ್ಟರು. ಅದು ಮುಟ್ಟಿದ ಫೈಲುಗಳು 25 ಸಾವಿರಕ್ಕೂ ಹೆಚ್ಚು. ಬಿಲ್ಡಿನ ವೇಗ ಶೇ. 50ರಿಂದ 80ರಷ್ಟು ಹೆಚ್ಚುತ್ತದೆಂದು ಅವರು ಅಳೆದಿದ್ದರು. ಜನ ಬೆರಗಾದರು. ಆಮೇಲೆ, ಇಷ್ಟನ್ನು ಓದಿ ಒಪ್ಪುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಗಂಟು ಇಡಿಯಾಗಿ ಒಳಗೆ ಸೇರಲಿಲ್ಲ. ಬಿಡಿಬಿಡಿಯಾಗಿ ಕೆಲವು ಭಾಗಗಳು ಸೇರಿದವು. ಹಬ್ಬಕ್ಕೆ ಮುಂಚೆ ಅಟ್ಟ ಇಳಿಸಿದ ಮನೆಗಳಲ್ಲೆಲ್ಲ ಇದೇ ಪಾಡು. ಇಳಿಸುವಾಗ ಇದ್ದ ಉತ್ಸಾಹ, ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿಗೆ ಯಾರಿಗೂ ಇರುವುದಿಲ್ಲ.

ಇದನ್ನೆಲ್ಲ ಓದಿ ನನಗೂ ಒಮ್ಮೆ ಹುಮ್ಮಸ್ಸು ಬಂದಿತ್ತು. ಕೆಲವು ವರ್ಷದ ಹಿಂದೆ, ನಾವು ನೋಡಿಕೊಳ್ಳುವ ಡ್ರೈವರಿನ ಒಂದು ಹೆಡರಿನಲ್ಲಿ ಕೆಲಸವಿಲ್ಲದೆ ಕೂತಿದ್ದ ಒಂದು ಇನ್‌ಕ್ಲೂಡ್ ಸಾಲನ್ನು ಕಿತ್ತೆ. ನನ್ನ ಯಂತ್ರದಲ್ಲಿ ಎಲ್ಲ ಸುಸೂತ್ರ ಕಂಪೈಲಾಯಿತು. ಪ್ಯಾಚ್ ಕಳಿಸಿ ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಎದ್ದರೆ ಒಂದು ರೋಬಾಟಿನ ಪತ್ರ. ಕರ್ನಲ್ ಟೆಸ್ಟ್ ರೋಬಾಟ್ ಎಂದು ಅದರ ಹೆಸರು. ನಾವು ಕಳಿಸಿದ್ದನ್ನೆಲ್ಲ ಕಂಡು ಕೇಳರಿಯದ ಯಂತ್ರಗಳಿಗಾಗಿ, ಯಾರೂ ಆರಿಸದ ಆಯ್ಕೆಗಳ ಕೂಟದಲ್ಲಿ ಬಿಲ್ಡ್ ಮಾಡಿ ನೋಡುವುದೇ ಅದರ ಕಸುಬು. ಮದುವೆ ಮುಗಿದ ಮೇಲೆ ‘ನಮಗೆ ಕಾರ್ಡೇ ಬರಲಿಲ್ಲ’ ಎಂದು ಫೋನು ಮಾಡುವ ದೂರದ ಚಿಕ್ಕಮ್ಮನ ಜಾತಿ. ನನ್ನ ಕಡೆ ಎಕ್ಸ್86 ಯಂತ್ರದಲ್ಲಿ ಬೇರೆ ದಾರಿಯಿಂದ ಬರುತ್ತಿದ್ದ ಒಂದು ಹೆಡರು, ಇನ್ನೊಂದು ಜಾತಿಯ ಯಂತ್ರದಲ್ಲಿ ನಾನು ಕಿತ್ತ ಸಾಲಿನಿಂದಲೇ ಬರುತ್ತಿತ್ತು. ಕಾಣೆಯಾದ ಫಂಕ್ಷನ್ನಿನ ಹೆಸರು ವಿ-ಮಲಾಕ್. ದೊಡ್ಡ ಪ್ರಮಾಣದ ಮೆಮೊರಿ ಕೇಳಿ ಪಡೆಯುವುದು ಅದರ ಕೆಲಸ. ನಮ್ಮ ಟೀಮಿನಲ್ಲಿ ಕನ್ನಡದವರೆಲ್ಲ ಅದನ್ನು ವಿಮಲಾಕ್ಷಿ ಎನ್ನುತ್ತೇವೆ. ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಬಳಿ ನಿಂತು ಪತ್ರ ಓದಿ, “ವಿಮಲಾಕ್ಷಿ ಯಾರ ಮನೆ ಹುಡುಗಿ ಅಂತ ವಿಚಾರಿಸದೇ ಬಾಗಿಲು ಹಾಕಿದ್ರಲ್ಲ ಮೇಡಂ” ಎಂದರು.

ಇಷ್ಟೆಲ್ಲ ನೆನೆಯುವ ಹೊತ್ತಿಗೆ ಪರದೆಯ ಮೇಲಿನ ಜೀರುಂಡೆ ಸುಮ್ಮನಾಗಿತ್ತು. ಅಮ್ಮ ಇನ್ನೂ ಫೋನಿನಲ್ಲೇ ಇದ್ದಳು. ಬೀದಿಯ ಸುದ್ದಿಗಳನ್ನು ಒಂದೊಂದಾಗಿ ಮುಗಿಸುತ್ತಿದ್ದಳು. ನಾನು ಕೇಳಿದೆ, “ಅಮ್ಮ, ಆವಾಗ ಟೀಚರಮ್ಮ ಇಲ್ಲದೇ ಇದ್ದ ಮೂರು ತಿಂಗಳು ಹೆಪ್ಪಿಗೆ ಏನು ಮಾಡಿದ್ರಿ?”

“ಏನು ಮಾಡೋದು? ಎರಡನೇ ದಿನ ನಾನೇ ಚೊಂಬು ಹಿಡ್ಕೊಂಡು ಹಾಲಿನವಳ ಮನೇಗೆ ಹೋದೆ, ಆ ಕೆರೆ ಏರಿ ಆಚೆ. ಅವಳು ಕೊಟ್ಲು. ಆಮೇಲಿಂದ ನಿಮ್ಮಪ್ಪಂಗೆ ತಳ ಬಳಿಯೋಕೆ ಬಿಡಲಿಲ್ಲ, ಒಂದು ಚಮಚ ತೆಗೆದಿಟ್ಟೇ ಬಡಿಸ್ತಿದ್ದೆ. ಉಳಿದವರೂ ಹಂಗೇ ಒಬ್ಬೊಬ್ಬರು ಒಂದೊಂದು ಕಡೆಯಿಂದ ತಂದ್ಕೊಂಡ್ರು.”

“ಟೀಚರಮ್ಮ ವಾಪಸ್ ಬಂದಮೇಲೆ?”

ಅಮ್ಮ ನಕ್ಕಳು. “ಬಂದ ದಿನ ಸಂಜೆ ನಮ್ಮನೆ ಬಾಗಿಲಿಗೇ ಬಂದ್ರು, ಬಟ್ಟಲು ಹಿಡ್ಕೊಂಡು. ಮೂರು ತಿಂಗಳು ಮನೆ ಬೀಗ ಹಾಕಿದ್ಮೇಲೆ ಅವರ ಹತ್ರ ಎಲ್ಲಿರುತ್ತೆ ಹೆಪ್ಪು? ‘ಸ್ವಲ್ಪ ಕೊಡಿ, ಯಾರ ಮನೇದು ಇದು?’ ಅಂದ್ರು. ಕೆರೆ ಏರಿ ಆಚೆ ಹಾಲಿನವಳದು ಅಂದೆ. ‘ಅಯ್ಯೋ, ನಾನೂ ಮೊದಲು ಅವಳ ಹತ್ರಾನೇ ತಂದಿದ್ದು ಕಣ್ರೀ’ ಅಂತ ಅಲ್ಲೇ ಜಗುಲಿ ಮೇಲೆ ಕೂತ್ಕೊಂಡು ನಕ್ಕಿದ್ದೇ ನಕ್ಕಿದ್ದು. ಆ ಹಾಲಿನವಳಿಗೆ ಮಾತ್ರ ಗೊತ್ತೇ ಇರಲಿಲ್ಲ ನೋಡು, ಬೀದಿ ಮೊಸರೆಲ್ಲ ಅವಳದೇ ಅಂತ. ಆ ಸಲ ಗೌರಿಹಬ್ಬಕ್ಕೆ ಬೀದಿಯವರೆಲ್ಲ ಸೇರಿ ಅವಳಿಗೊಂದು ಸೀರೆ ಕೊಟ್ವಿ.”

ಫೋನಿಟ್ಟ ಮೇಲೆ ನನ್ನದೇ ಡ್ರೈವರಿನ ಫೈಲು ತೆರೆದು ನೆತ್ತಿಯ ಪಟ್ಟಿ ನೋಡಿದೆ. ಕೆಳಗೆ ಮೂರು ಕಡೆ ವಿಮಲಾಕ್ಷಿಯನ್ನು ಕರೆದಿದ್ದೇನೆ; ಮೇಲೆ ಎಲ್ಲೂ ಅವಳ ಹೆಸರಿಲ್ಲ. ಯಾವುದೋ ಹೆಡರಿನ ಯಾವುದೋ ಹೆಡರಿನ ಬೆನ್ನೇರಿ ಇಷ್ಟು ವರ್ಷ ಬರುತ್ತಿದ್ದಾಳೆ. ಇನ್ನೂ ಬರುತ್ತಾಳೆ, ಬರೆಯದಿದ್ದರೂ ಕಂಪೈಲಾಗುತ್ತದೆ. ಆದರೂ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದೆ: ಇನ್‌ಕ್ಲೂಡ್, ಲೀನಕ್ಸ್, ವಿ-ಮಲಾಕ್ ಡಾಟ್ ಎಚ್.

ಬಿಲ್ಡ್ ಹಾಕಿ ಕಾಫಿಗೆಂದು ಎದ್ದೆ. ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಪರದೆಯ ಮೇಲೆ ಒಂದೇ ಒಂದು ಸಿಸಿ ಮೂಡಿ ನಿಂತಿತ್ತು.